ಫಕೀರವ್ವ ಬಸ್‌ಸ್ಟ್ಯಾಂಡ್ ಬಿಟ್ಟ ವರ್ಷ

ಹೋದ ತಿಂಗಳು ಮಗಳ ಜೊತೆ ಕದರಮಂಡಲಗಿ ಹನುಮಪ್ಪನ ಗುಡಿಗೆ ಹೋಗಿದ್ದೆ. ವಾಪಸು ಹಾವೇರಿಗೆ ಬರಲು ಬ್ಯಾಡಗಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕಿತ್ತು. ನಿಲ್ದಾಣದ ನೆಲವನ್ನು ಆಗಷ್ಟೇ ಫಿನೈಲ್ ಹಾಕಿ ತೊಳೆದಿದ್ದರು. ಪೇಟೆಯ ಕಡೆಯಿಂದ ಗಾಳಿ ಬೀಸಿ, ಒಣಮೆಣಸಿನಕಾಯಿಯ ಘಾಟು ಆ ಫಿನೈಲ್ ವಾಸನೆಯ ಜೊತೆ ಬೆರೆತು ಮೂಗಿಗೆ ಹತ್ತಿತು. ಮಗಳು ಮೇಲಿಂದ ಮೇಲೆ ಸೀನಿದಳು. ನಾನು ಕುಳಿತಲ್ಲಿ ಕುಳಿತಿರಲಾರದೆ ಎದ್ದೆ, ಮತ್ತೆ ಕುಳಿತೆ, ಮತ್ತೆ ಎದ್ದು ಹೆಂಗಸರ ಕೋಣೆಯ ಗೋಡೆಯವರೆಗೆ ಹೋಗಿ ಬಂದೆ.

"ಯಾಕ ಮಮ್ಮಿ, ಏನಾತು?" ಎಂದಳು.

"ಏನಿಲ್ಲ. ನೀ ಹೊಟ್ಟ್ಯಾಗಿದ್ದಾಗ ನಾ ಇಲ್ಲೇ ಡ್ಯೂಟಿ ಮಾಡತಿದ್ದೆ."

ಅಷ್ಟಕ್ಕೆ ಅವಳಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ.

ಎರಡು ಸಾವಿರದ ಆರನೇ ಇಸವಿ ಮುಗಿಯುತ್ತ ಬಂದಿತ್ತು. ನಾನು ರಾಣೆಬೆನ್ನೂರಿನಲ್ಲಿ ಬಸ್ ಕಂಡಕ್ಟರ್. ನಮ್ಮ ಕಡೆ ಹೆಂಗಸರು ಟಿಕೆಟ್ ಚೀಲ ಹಾಕಿಕೊಳ್ಳುವುದು ಆಗಿನ್ನೂ ಹೊಸತು. ಹಳ್ಳಿಯ ಮುದುಕಿಯರು ನನ್ನ ಮುಖ ನೋಡುವುದರಲ್ಲೇ ಇಳಿಯುವ ಊರು ಮರೆಯುತ್ತಿದ್ದರು. ನನಗೆ ಆ ಕೆಲಸ ಮೈಗೆ ಹತ್ತಿತ್ತು. ಓಡುವ ಗಾಡಿಯಲ್ಲಿ ಕಂಬ ಹಿಡಿಯದೆ ಹಿಂದಿನಿಂದ ಮುಂದಕ್ಕೆ ನಡೆಯುವುದು, ಸೀಟಿ ಊದುವುದು, ದಿನಕ್ಕೆ ಹತ್ತೂರು ನೋಡುವುದು. ಬಸಿರಾಗಿ ನಾಲ್ಕನೇ ತಿಂಗಳು ಬಿದ್ದಾಗ ಡಾಕ್ಟರ್ ಚೀಟಿ ಬರೆದರು. ಡಿಪೋದವರು ಹಗುರ ಕೆಲಸ ಅಂತ ಬ್ಯಾಡಗಿ ನಿಲ್ದಾಣದ ವಿಚಾರಣೆ ಕೋಣೆಗೆ ಹಾಕಿದರು. ಜಾಲರಿ ಕಿಟಕಿಯ ಹಿಂದೆ ಕುಳಿತು ಬಂದ ಬಸ್ಸು, ಹೋದ ಬಸ್ಸು ಬರೆದುಕೊಳ್ಳುವುದು, ಮೈಕಿನಲ್ಲಿ ಕೂಗುವುದು. ನನ್ನ ಗಂಡ ಮಂಜುನಾಥ ರಾಣೆಬೆನ್ನೂರಿನ ಬೀಜದ ಗೋದಾಮಿನಲ್ಲಿ ಕೆಲಸಕ್ಕಿದ್ದ. "ಆರಾಮ ಕುಂತಕೊಂಡು ಮಾಡೋ ಕೆಲಸ, ನಸೀಬ ಬೇಕು" ಎಂದ. ನನಗೆ ಕೂರುವುದೇ ಶಿಕ್ಷೆಯಾಗಿತ್ತು. ಮೇಜಿನ ಕೆಳಗೆ ಕಾಲು ತಮ್ಮಷ್ಟಕ್ಕೆ ತಾವೇ ಅಲ್ಲಾಡುತ್ತಿದ್ದವು.

ಎರಡನೇ ದಿನವೇ ತಪ್ಪು ಮಾಡಿದೆ. ದೂರದಲ್ಲಿ ಬರುತ್ತಿದ್ದ ಬಸ್ಸಿನ ಬೋರ್ಡು ಧೂಳಿನಲ್ಲಿ ಸರಿಯಾಗಿ ಕಾಣಲಿಲ್ಲ. ಹಾನಗಲ್ ಬಸ್ಸು ಬರುತ್ತಿದೆ ಎಂದು ಮೈಕಿನಲ್ಲಿ ಕೂಗಿಬಿಟ್ಟೆ. ಕಿಟಕಿಯ ಕೆಳಗಿನಿಂದ ಒಂದು ದನಿ ಬಂತು.

"ಬಾಯಾರ, ಅದು ಹಾನಗಲ್ಲ ಗಾಡಿ ಅಲ್ರಿ. ಹಿರೇಕೆರೂರದ್ದು."

ಬಗ್ಗಿ ನೋಡಿದೆ. ಗೋಡೆಗೆ ಬೆನ್ನು ಹಚ್ಚಿ ಒಬ್ಬ ಹೆಂಗಸು ಕುಳಿತಿದ್ದಳು. ಐವತ್ತರ ಆಸುಪಾಸು ಇರಬೇಕು, ಬಿಸಿಲಿಗೆ ಅರವತ್ತೈದರಂತೆ ಕಾಣುತ್ತಿದ್ದಳು. ಬಣ್ಣ ಹೇಳಲಾಗದ ಸೀರೆ. ಒಂದು ಗಂಟು, ಆ ಗಂಟಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಆಕೆಯ ಸೊಂಟಕ್ಕೆ. ಕಣ್ಣು ಮುಚ್ಚಿಯೇ ಇದ್ದಳು. ಬಂದ ಬಸ್ಸು ಹಿರೇಕೆರೂರದ್ದೇ.

"ನೋಡಲಾರದ ಹೆಂಗ ಹೇಳಿದಿ?"

"ಸಪ್ಪಳರಿ. ಹಾನಗಲ್ಲ ಗಾಡಿ ಗೇರ್ ಬದಲಿ ಮಾಡೋ ಮುಂದ ಕೆಮ್ಮತೈತಿ."

ಆ ದಿನದಿಂದ ನನಗೆ ಅನುಮಾನ ಬಂದರೆ ಕಿಟಕಿಯ ಕೆಳಗೆ ಕೇಳುವುದು ರೂಢಿಯಾಯಿತು. ಓದು ಬರದ ಹಳ್ಳಿಯ ಹೆಂಗಸರು ನನಗಿಂತ ಮೊದಲು ಆಕೆಯನ್ನೇ ಕೇಳುತ್ತಿದ್ದರು. ಕೇಳಿದವರೆಲ್ಲ ಬಸ್ಸು ಹತ್ತಿ ಹೋಗುತ್ತಿದ್ದರು, ಆಕೆ ಅಲ್ಲೇ ಇರುತ್ತಿದ್ದಳು. ಡ್ರೈವರುಗಳು, ಚಹಾದಂಗಡಿಯವರು, ಕಸ ಗುಡಿಸುವವರು, ಎಲ್ಲರೂ ಆಕೆಗೆ "ಏ ಮುದುಕಿ" ಅನ್ನುತ್ತಿದ್ದರು. "ಒಂದ ದಿನ ಕೆಲಸ ಮಾಡಿದ್ದು ಕಂಡಿಲ್ಲ. ಹಗಲ್ಹೊತ್ತು ಬಿದ್ದಕೊಂಡಿರತಾಳ" ಎನ್ನುತ್ತಿದ್ದರು. ಅದು ಖರೆಯೇ ಆಗಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಜನ ತುಂಬಿಕೊಂಡಾಗ ಆಕೆಗೆ ಸತ್ತ ಹಾಗೆ ನಿದ್ದೆ ಬರುತ್ತಿತ್ತು. ಆ ಗದ್ದಲ, ಹಾರ್ನು, ಕಡಲೆಕಾಯಿ ಮಾರುವವರ ಕೂಗು ಯಾವುದೂ ಆಕೆಯನ್ನು ಎಬ್ಬಿಸುತ್ತಿರಲಿಲ್ಲ. ನಾನೂ ಒಳಗೊಳಗೆ ಸೋಮಾರಿ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ನನ್ನ ಡಬ್ಬಿಯಿಂದ ಎರಡು ರೊಟ್ಟಿ, ಬದನೆಕಾಯಿ ಪಲ್ಯ ಕೊಟ್ಟು ಕೇಳಿಯೇಬಿಟ್ಟೆ. "ಅಲ್ಲಬೇ ಯವ್ವಾ, ರಾತ್ರಿ ಮಲಗಂಗಿಲ್ಲೇನ ನೀ?"

ಆಕೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ರಾತ್ರಿ ಇಲ್ಲಿ ಹೆಂಗ ಮಲಗೂದ್ರಿ, ಹೆಣ್ಣು ಜೀವ? ಗ್ವಾಡಿಗೆ ಬೆನ್ನ ಕೊಟ್ಟು ಎಚ್ಚರ ಕುಂದರತೇನಿ. ಹಗಲೊತ್ತು ಮಂದಿ ಇರತಾರ. ಮಂದಿ ನಡಕ ನಿದ್ದಿ ಮಾಡಿದ್ರ ಯಾರೂ ಏನೂ ಮಾಡಾಂಗಿಲ್ಲ." ಆಮೇಲೆ ನನ್ನ ಹೊಟ್ಟೆ ನೋಡಿ, "ನಿಮಗ ಹುಳಿ ತಿನ್ನಬೇಕ ಅನಸ್ತೈತಿ ಹೌದಿಲ್ಲೋ? ಉಪ್ಪಿನಕಾಯಿ ಕೊಡಲಾರದ ಪಲ್ಯ ಅಷ್ಟ ಕೊಟ್ರಿ" ಎಂದು ನಕ್ಕಳು. ಮುಂದಿನ ಹಲ್ಲು ಎರಡು ಇರಲಿಲ್ಲ.

ನಾನು ನಗಲಿಲ್ಲ. ಇಷ್ಟು ದಿನ ಆಕೆಯನ್ನು ಸೋಮಾರಿ ಎಂದುಕೊಂಡಿದ್ದೆ. ಮರುದಿನ ಡಬ್ಬಿಯಲ್ಲಿ ಉಪ್ಪಿನಕಾಯಿಯನ್ನೂ ಹಾಕಿಕೊಂಡು ಬಂದೆ.

ಜನವರಿಯಲ್ಲಿ ಮೆಣಸಿನಕಾಯಿ ಸುಗ್ಗಿ ಏರಿತು. ಲಾರಿಗಳು ಸಾಲುಗಟ್ಟಿ ನಿಂತವು, ಊರೇ ಕೆಂಪು ಧೂಳು ಉಸಿರಾಡತೊಡಗಿತು. ಮುಂಜಾನೆಯ ಚಳಿಗಾಳಿಯೂ ಖಾರ. ಒಂದು ದಿನ ನಾನು ರಾಣೆಬೆನ್ನೂರಿನ ಮೊದಲ ಬಸ್ಸಿಗೆ ಬಂದು ಇಳಿದಾಗ ಆಕೆಯ ಹಣೆಯಿಂದ ರಕ್ತ ಇಳಿದು ಸೀರೆಯ ಮೇಲೆ ಒಣಗಿತ್ತು. ಯಾರೋ ಗಂಟು ಎಳೆದಿದ್ದರು. ಹಗ್ಗ ಸೊಂಟಕ್ಕಿದ್ದುದರಿಂದ ಗಂಟಿನ ಜೊತೆ ಆಕೆಯನ್ನೂ ಎಳೆದಂತಾಗಿ ಕಟ್ಟೆಯ ಅಂಚಿಗೆ ತಲೆ ಬಡಿದಿತ್ತು. ಗಂಟು ಉಳಿದಿತ್ತು. ಅದನ್ನೇ ನನಗೆ ತೋರಿಸಿದಳು, ಗೆದ್ದವಳ ಹಾಗೆ.

ಕೈ ಹಿಡಿದು ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದೆ. ಚೀಟಿ ಬರೆಯುವವನು ಹೆಸರು ಕೇಳಿದ. "ಫಕೀರವ್ವ" ಎಂದಳು. ತಿಂಗಳಿಗೂ ಮೇಲೆ ದಿನಾ ಮಾತಾಡಿದ ನಾನು ಆಕೆಯ ಹೆಸರು ಕೇಳಿದ್ದು ಆಗಲೇ.

"ಊರು?"

"ಬಸ್‌ಸ್ಟ್ಯಾಂಡ್ ಅಂತ ಬರಕೋರಿ."

"ಬಸ್‌ಸ್ಟ್ಯಾಂಡ್ ಊರಲ್ಲಬೇ."

"ನಂಗ ಅದ ಊರ್ರಿ. ಹನ್ನೊಂದು ವರ್ಷಾತು."

ನಾಲ್ಕು ಹೊಲಿಗೆ ಬಿದ್ದವು. ಹೊಲಿಗೆ ಹಾಕುವಾಗ ನನ್ನ ಕೈ ಹಿಡಿದುಕೊಂಡು, ನೋವು ಮರೆಯಲೋ ಏನೋ, ತನ್ನ ಕಥೆ ಹೇಳಿದಳು. ಹುಟ್ಟಿದ್ದು ಗಳಗನಾಥದ ಕಡೆ, ಹೊಳೆದಂಡೆಯ ಹಳ್ಳಿ. ಗಂಡ ರಾಣೆಬೆನ್ನೂರಿನ ಹತ್ತಿ ಪೇಟೆಯಲ್ಲಿ ಹಮಾಲ. ಪೇಟೆಯ ಹಿಂದೆ ಯಾರದೋ ಖಾಲಿ ಜಾಗದಲ್ಲಿ ತಗಡಿನ ಗುಡಿಸಲು ಹಾಕಿಕೊಂಡಿದ್ದರು. ಮಕ್ಕಳಾಗಲಿಲ್ಲ. ಗಂಡ ಜ್ವರ ಬಂದು ಸತ್ತ. ಮರುವರ್ಷ ಜಾಗ ಮಾರಾಟವಾಯಿತು. ಅಣ್ಣನ ಮನೆಗೆ ಹೋದಳು. ಹದಿನೈದು ದಿನಕ್ಕೆ ಅತ್ತಿಗೆಯ ಮಾತು ಬಿರುಸಾಯಿತು. ಎಲ್ಲಾದರೂ ಕೆಲಸ ನೋಡೋಣ, ಎರಡು ದಿನ ಇಲ್ಲಿ ಇರೋಣ ಎಂದು ಬ್ಯಾಡಗಿ ನಿಲ್ದಾಣದಲ್ಲಿ ಕುಳಿತವಳು. "ಮೈ ಹೊಲಸಾತು, ಅರಿವಿ ಹೊಲಸಾತು. ಆಮ್ಯಾಲೆ ಕೆಲಸ ಕೊಡವ್ರು ಯಾರ್ರಿ?" ಎಂದಳು.

ಅಂದಿನಿಂದ ನನ್ನ ಚಡಪಡಿಕೆಗೆ ಒಂದು ದಾರಿ ಸಿಕ್ಕಿತು. ಏಪ್ರಿಲ್ ಶುರುವಿಗೆ ನನಗೆ ಹೆರಿಗೆ ರಜೆ. ಅಷ್ಟರೊಳಗೆ ಈಕೆಯನ್ನು ಒಂದು ಕಡೆ ಮುಟ್ಟಿಸಿಯೇ ಹೋಗಬೇಕು ಎಂದು ಹಟ ಹಿಡಿದೆ. ನಮ್ಮ ಹಿರಿಯ ಕಂಟ್ರೋಲರ್ ಹಿರೇಮಠ ಸರ್ ಒಳ್ಳೆಯ ಮನುಷ್ಯ. ದೂರದ ಊರಿನಲ್ಲಿ ದಿಕ್ಕಿಲ್ಲದವರ ಆಶ್ರಮವೊಂದಿದೆ, ಫೋನ್ ಮಾಡಿದರೆ ಜೀಪು ಕಳಿಸುತ್ತಾರೆ ಎಂದರು. ಊಟ, ಬಟ್ಟೆ, ಹಾಸಿಗೆ ಎಲ್ಲ ಉಂಟು. ನಾನು ಹಿಂದೆ ಮುಂದೆ ನೋಡಲಿಲ್ಲ, ಫೋನ್ ಮಾಡಿಸಿದೆ. ಫಕೀರವ್ವನನ್ನು ಮಾತ್ರ ಕೇಳಲಿಲ್ಲ. ಕೇಳಿದರೆ ಒಲ್ಲೆ ಎಂದುಬಿಟ್ಟಾಳು ಎಂಬ ಹೆದರಿಕೆ.

ಜೀಪು ಬಂದ ದಿನ ಹೇಳಿದೆ, "ಹೊಲಗಿ ಬಿಚ್ಚಸಾಕ ದೊಡ್ಡ ದವಾಖಾನಿಗೆ ಕರಕೊಂಡ ಹೊಕ್ಕಾರ. ಹೋಗಿ ಬಾ ಯವ್ವಾ."

"ನೀವು ಬರಂಗಿಲ್ಲೇನ್ರಿ?"

"ಡ್ಯೂಟಿ ಐತಲ್ಲಾ."

ಆಕೆ ನನ್ನನ್ನು ನಂಬಿ ಗಂಟು ಎತ್ತಿಕೊಂಡು ಹತ್ತಿದಳು. ಜೀಪು ಹೊರಟಾಗ ನಾನು ರಿಜಿಸ್ಟರಿನಲ್ಲಿ ತಲೆ ಹುದುಗಿಸಿ ಏನೋ ಬರೆಯುತ್ತಿದ್ದೆ. ಮಧ್ಯಾಹ್ನ ಆಕೆ ಕೂರುತ್ತಿದ್ದ ಜಾಗಕ್ಕೆ ಫಿನೈಲ್ ಹಾಕಿ ಉಜ್ಜಿ ತೊಳೆದರು. "ಛಲೋ ಆತು ಬಿಡ್ರಿ ಮೇಡಮ್, ನಿಮ್ಮಿಂದ ಒಂದ ಪುಣ್ಯದ ಕೆಲಸಾತು" ಎಂದರು ಹಿರೇಮಠ ಸರ್. ಗೋಡೆಯ ಮೇಲೆ ಆಕೆಯ ಬೆನ್ನು ತಾಗಿ ತಾಗಿ ಆದ ಎಣ್ಣೆಗಪ್ಪಿನ ಗುರುತು ಮಾತ್ರ ಹೋಗಲಿಲ್ಲ.

ಪುಣ್ಯ ಮಾಡಿದವಳಿಗೆ ನಿದ್ದೆ ಬರಬೇಕಿತ್ತು. ನನಗೆ ಬರಲಿಲ್ಲ. ಮೈಕಿನಲ್ಲಿ ಮೇಲಿಂದ ಮೇಲೆ ತಪ್ಪು ಕೂಗಿದೆ. ಊಟ ಸೇರಲಿಲ್ಲ. ಬಸಿರಿಗೆ ಹೀಗೆ ಆಗುತ್ತದೆ ಎಂದು ಕರ್ಜಗಿಯಿಂದ ಬಂದಿದ್ದ ಅತ್ತೆ ಹೇಳಿದರು. ಅಲ್ಲ ಎಂದು ನನಗೆ ಗೊತ್ತಿತ್ತು.

ಹದಿನೆಂಟನೆಯ ದಿನ ಬೆಳಿಗ್ಗೆ ಬಸ್ಸಿಳಿದು ಬರುವಾಗ ಸೈಕಲ್ ಸ್ಟ್ಯಾಂಡಿನ ಆಚೆ ತುದಿಯಲ್ಲಿ ಯಾರೋ ಕುಳಿತದ್ದು ಕಂಡಿತು. ತಲೆ ಬೋಳಿಸಿತ್ತು. ಹೊಸ ಸೀರೆ, ಆದರೆ ಅಂಚೆಲ್ಲ ಮಣ್ಣು. ಹಿಮ್ಮಡಿ ಒಡೆದು ಕೆಂಪಗಾಗಿತ್ತು. ಸೊಂಟದ ಹಗ್ಗ ನೋಡಿದ ಮೇಲೆಯೇ ಗುರುತು ಹತ್ತಿದ್ದು. ಅರ್ಧ ದಾರಿ ನಡೆದು, ಅರ್ಧ ದಾರಿ ಯಾರೋ ಕರುಣೆಯಿಂದ ಹತ್ತಿಸಿಕೊಂಡ ಲಾರಿಯಲ್ಲಿ ವಾಪಸು ಬಂದಿದ್ದಳು. ನನ್ನ ಕಿಟಕಿಯ ಕೆಳಗೆ ಬರಲಿಲ್ಲ. ನನ್ನ ಕಡೆ ಬೆನ್ನು ಮಾಡಿ ಕುಳಿತಿದ್ದಳು.

ಚಹಾ ಒಯ್ದು ಕೊಟ್ಟೆ. ತೆಗೆದುಕೊಳ್ಳಲಿಲ್ಲ. ಬಿಸಿಲಿನಲ್ಲಿ ನಿಂತೇ ಇದ್ದೆ. ಚಹಾ ಆರಿ ಕೆನೆ ಕಟ್ಟಿತು.

"ಹೇನ ಅದಾವಂತ ತಲಿ ಬೋಳಿಸಿದ್ರು" ಎಂದಳು ಕೊನೆಗೆ, ನನ್ನ ಕಡೆ ನೋಡದೆ. "ಇರಲಿ, ಕೂದಲ ಬೆಳೀತಾವ. ಉಣ್ಣಾಕ ಹಾಕಿದ್ರು, ಸುಳ್ಳ ಹೇಳಬಾರದು. ಆದ್ರ ನೀವು ನಂಗ ಹೇಳಬೇಕಾಗಿತ್ರಿ. ನಾ ಹ್ಞೂಂ ಅಂತಿದ್ನೋ ಒಲ್ಲೆ ಅಂತಿದ್ನೋ, ಅದು ಬ್ಯಾರೆ ಮಾತು. ಮಂದಿ ಬೈದಾರ, ನೀರ ಗೊಜ್ಜಿ ಎಬ್ಬಿಸ್ಯಾರ, ಒದ್ದಾರ. ಸುಳ್ಳ ಹೇಳಿ ಸಾಗ ಹಾಕಿದವ್ರು ಯಾರೂ ಇರಲಿಲ್ಲ."

ನಾನು ಅಲ್ಲೇ ಆಕೆಯ ಪಕ್ಕ ನೆಲಕ್ಕೆ ಕುಳಿತೆ. ಏಳನೇ ತಿಂಗಳಿನ ಹೊಟ್ಟೆ, ಖಾಕಿ ಬಟ್ಟೆ, ಸುತ್ತ ಜನ. "ತಪ್ಪಾತಬೇ ಯವ್ವಾ" ಎಂದೆ. ನನಗೆ ಏಳಲು ಕಷ್ಟವಾದಾಗ ಆಕೆಯೇ ರಟ್ಟೆ ಹಿಡಿದು ಎಬ್ಬಿಸಿದಳು.

ಮರುದಿನ ಕೇಳಿದೆ. ಮೊದಲ ದಿನವೇ ಕೇಳಬೇಕಾಗಿದ್ದ ಮಾತು. "ನಿನಗ ಏನ ಬೇಕು ಫಕೀರವ್ವಾ? ಹೆಂಥಾ ಜಾಗ ಆದ್ರ ಇರತಿ?"

ಉತ್ತರ ಬರಲು ಎರಡು ದಿನ ಹಿಡಿಯಿತು. ಮೂರನೆಯ ದಿನ ತಾನಾಗಿಯೇ ಕಿಟಕಿಯ ಬಳಿ ಬಂದಳು. "ಚಿಲಕ ಒಳಗಡೆ ಇರಬೇಕ್ರಿ. ಅಲ್ಲಿ ಹೊರಗಡೆ ಇತ್ತು." ಹೋದಳು. ಸ್ವಲ್ಪ ದೂರ ಹೋಗಿ ತಿರುಗಿ ಬಂದಳು. "ಬಸ್ಸಿನ ಸಪ್ಪಳ ಕೇಳಬೇಕು. ಇಲ್ಲಂದ್ರ ಹೊತ್ತೆಷ್ಟಾತು ಗೊತ್ತಾಗಂಗಿಲ್ಲ."

ಅಷ್ಟೇ ಬೇಡಿಕೆ. ಅಷ್ಟನ್ನು ಹುಡುಕಲು ಫೆಬ್ರುವರಿ ಕಳೆದು ಮಾರ್ಚ್ ಬಂತು. ಡ್ಯೂಟಿ ಮುಗಿದ ಮೇಲೆ ನಿಲ್ದಾಣದ ಸುತ್ತಲಿನ ಓಣಿಗಳನ್ನೆಲ್ಲ ತಿರುಗಿದೆ. ಬಿಸಿಲಿಗೆ ಕಲ್ಲು ಕಾಯುತ್ತಿದ್ದವು, ಕಾಲು ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ. ನನ್ನನ್ನು ನೋಡಿ ಬಾಗಿಲು ತೆರೆದವರು, ಇರುವವರು ಯಾರು ಎಂದು ಗೊತ್ತಾದ ಕೂಡಲೆ ಮುಖ ತಿರುಗಿಸುತ್ತಿದ್ದರು. "ಬಸ್‌ಸ್ಟ್ಯಾಂಡ್ ಮುದುಕೀನ? ಆಕೀನ್ನ ಇಟ್ಟಕೊಂಡ್ರ ಬಾಜೂದವರು ಮನಿ ಬಿಟ್ಟು ಹೊಕ್ಕಾರ್ರಿ." "ನಾಳೆ ಸತ್ತ ಹೋದ್ರ ಮಣ್ಣ ಮಾಡವ್ರು ಯಾರು?" ಒಬ್ಬಾಕೆಯಂತೂ, "ನಿಮ್ಮ ಮನ್ಯಾಗ ಇಟ್ಟಕೊಳ್ರಿ, ಅಷ್ಟ ಕನಿಕರ ಇದ್ರ" ಎಂದಳು. ಆ ಮಾತು ಚುಚ್ಚಿತು. ಒಂದೇ ಖೋಲಿಯ ಬಾಡಿಗೆ ಮನೆ, ಅತ್ತೆ, ಬರುವ ಕೂಸು. ಮನೆಗೆ ಹೋಗಿ ಮಂಜುನಾಥನ ಮುಂದೆ ಹೇಳಿದರೆ ಸಿಟ್ಟಾದ.

"ಗಿರಿಜಾ, ನಿನ್ನ ಕಾಲ ನೋಡ್ಕೊ. ಹೊಟ್ಟ್ಯಾಗಿನ ಕೂಸಿಗೆ ಏನಾರ ಆದ್ರ? ಹನ್ನೊಂದು ವರ್ಷ ಇದ್ದಾಕಿ, ಇನ್ನೊಂದು ಆರ ತಿಂಗಳ ಇದ್ರ ಏನಾಕ್ಕೈತಿ?"

"ಆರ ತಿಂಗಳದಾಗ ಆಕೀಗೇ ಏನಾರ ಆದ್ರ?" ಎಂದೆ. ಇಬ್ಬರೂ ಮಾತು ಬಿಟ್ಟೆವು.

ದಾರಿ ತೋರಿಸಿದವಳು ಕಾಶವ್ವ. ಮೆಣಸಿನಕಾಯಿ ಪೇಟೆಯಲ್ಲಿ ತೊಟ್ಟು ಬಿಡಿಸುವ ಹೆಂಗಸರ ಗುಂಪೊಂದಕ್ಕೆ ಆಕೆ ಮುಂದಾಳು. ಸುತ್ತಲಿನ ಹಳ್ಳಿಗಳಿಂದ ಬರುವ ತನ್ನ ಹೆಂಗಸರನ್ನು ಸಂಜೆ ಬಸ್ಸು ಹತ್ತಿಸಲು ದಿನಾ ನಿಲ್ದಾಣಕ್ಕೆ ಬರುತ್ತಿದ್ದಳು. ಗಟ್ಟಿ ದನಿ, ತಲೆಗೆ ಸುತ್ತಿದ ಟವೆಲ್ಲು, ಬೆರಳ ತುದಿಗಳೆಲ್ಲ ಖಾರಕ್ಕೆ ಸುಟ್ಟು ಕಂದಿದ್ದವು. ನಿಲ್ದಾಣದ ಹಿಂದಿನ ಓಣಿಯಲ್ಲೇ ಮನೆ. ನಾನು ಯಾರಿಗೋ ಹೇಳುತ್ತಿದ್ದುದು ಆಕೆಯ ಕಿವಿಗೆ ಬಿತ್ತು.

"ನಮ್ಮ ಹಿತ್ತಲದಾಗ ಕಟಗಿ ಹಾಕೋ ಖೋಲಿ ಐತಿ. ಖಾಲಿ ಮಾಡಿ ಕೊಡತೇನಿ" ಎಂದಳು, ಯಾವ ಪೀಠಿಕೆಯೂ ಇಲ್ಲದೆ. "ಆದ್ರ ಆಕಿ ನನ್ನ ಕೂಡ ಕಾಯಿ ಬಿಡಿಸಾಕ ಬರಬೇಕು. ಪುಕ್ಕಟೆ ಕೊಡಾಂಗಿಲ್ಲ ಅಂತಲ್ಲ. ಕೈ ಖಾಲಿ ಇದ್ರ ಆಕಿ ಮನಸ್ಸು ನಿಲ್ಲಂಗಿಲ್ಲ, ಮತ್ತ ಬಂದು ಇಲ್ಲೇ ಕುಂದರತಾಳ."

ಫಕೀರವ್ವನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಈ ಸಲ ಮೊದಲೇ ಎಲ್ಲ ಹೇಳಿದ್ದೆ. ಸಣ್ಣ ಖೋಲಿ, ಒಂದು ಕಿಂಡಿ, ಮಣ್ಣಿನ ನೆಲ. ಒಳಗೆ ನಿಂತು ಆಲಿಸಿದಳು. ನಿಲ್ದಾಣದಿಂದ ಒಂದು ಬಸ್ಸು ಹೊರಟಿತು. "ಶಿಗ್ಗಾಂವಿದು" ಎಂದು ತಲೆ ಆಡಿಸಿದಳು. ಬಾಗಿಲಿಗೆ ಹೊರಗೊಂದು ಕೊಂಡಿ ಬಿಟ್ಟರೆ ಒಳಗೆ ಏನೂ ಇರಲಿಲ್ಲ. ಮನೆಗೆ ಹೋಗಿ ಮಾತು ಬಿಟ್ಟಿದ್ದ ಗಂಡನಿಗೆ ಅದನ್ನು ಹೇಳಿದೆ. ರವಿವಾರ ಬೆಳಿಗ್ಗೆ ಎದ್ದು ನೋಡಿದರೆ ಚೀಲದಲ್ಲಿ ಸುತ್ತಿಗೆ, ಮೊಳೆ, ಹೊಸ ಕಬ್ಬಿಣದ ಚಿಲಕ ಹಾಕಿಕೊಂಡು ಸಿದ್ಧನಾಗಿದ್ದ. "ನಡಿ, ಎಲ್ಲೈತಿ ತೋರಸು" ಎಂದ. ಚಿಲಕ ಕೂರಿಸಿ, ಹೊರಗಿನ ಕೊಂಡಿಯನ್ನೂ ಕಿತ್ತು ತೆಗೆದ. ಫಕೀರವ್ವ ಒಳಗೆ ಹೋಗಿ ಚಿಲಕ ಹಾಕಿದಳು, ತೆಗೆದಳು, ಹಾಕಿದಳು. ಕಾಶವ್ವ, ಮಂಜುನಾಥ, ನಾನು ಹೊರಗೆ ನಿಂತು ಆ ಸಪ್ಪಳ ಕೇಳಿದೆವು.

ಇಷ್ಟಕ್ಕೆ ಮುಗಿಯಿತು ಎಂದು ನಾನು ತಿಳಿದಿದ್ದೆ. ಹನ್ನೊಂದು ವರ್ಷ ಒಂದು ಚಿಲಕಕ್ಕೆ ಬಗ್ಗುವಂಥದ್ದಾಗಿರಲಿಲ್ಲ. ಕಾಶವ್ವ ದಿನಾ ಸಂಜೆ ಬಂದು ವರದಿ ಒಪ್ಪಿಸುತ್ತಿದ್ದಳು. "ಒಳಗ ಮಲಗವಲ್ಲಳು. ಬಾಗಲಕ್ಕ ಬೆನ್ನ ಹಚ್ಚಿ ಹೊರಗ ಕುಂದರತಾಳ. ಕೇಳಿದ್ರ ಉಸಿರ ಕಟ್ಟತೈತಿ ಅಂತಾಳ. ನಸುಕಿನ್ಯಾಗ ಎದ್ದ ನೋಡಿದ್ರ ಮತ್ತ ನಿಮ್ಮ ಬಸ್‌ಸ್ಟ್ಯಾಂಡಿಗೇ ಬಂದಿರತಾಳ." ಕಾಯಿ ಬಿಡಿಸಲು ಕೂತರೆ ತೂಕಡಿಸುತ್ತಿದ್ದಳು. ಕಣ್ಣಿಗೆ ಖಾರದ ಕೈ ತಾಗಿಸಿಕೊಂಡು ಒದ್ದಾಡುತ್ತಿದ್ದಳು. ಉಳಿದ ಹೆಂಗಸರು ಮೊದಮೊದಲು ದೂರ ಸರಿದು ಕೂರುತ್ತಿದ್ದರು. ಹಿರೇಮಠ ಸರ್ ನನಗೆ ಸಮಾಧಾನ ಹೇಳಿದರು: "ನೀವು ಮಾಡೋದು ಮಾಡೀರಿ ಮೇಡಮ್. ಕೆಲವ್ರಿಗೆ ಬಯಲ ಬೇಕು."

ನನ್ನ ರಜೆಗೆ ಒಂದು ವಾರವಿತ್ತು. ಆಗ ಫಕೀರವ್ವ ಕಾಣೆಯಾದಳು. ಖೋಲಿಯಲ್ಲಿಲ್ಲ, ನಿಲ್ದಾಣದಲ್ಲಿಲ್ಲ, ಗಂಟೂ ಇಲ್ಲ. ಸೈಕಲ್ ಸ್ಟ್ಯಾಂಡಿನವನು, "ಮುಂಜಾನೆ ರಾಣೆಬೆನ್ನೂರ ಗಾಡಿ ಹತ್ತಿದಳ್ರಿ" ಎಂದ. ಆಕೆ ಬಸ್ಸು ಹತ್ತಿದ್ದನ್ನು ಈ ಹನ್ನೊಂದು ವರ್ಷದಲ್ಲಿ ಯಾರೂ ನೋಡಿರಲಿಲ್ಲ. ಹಿರೇಮಠ ಸರ್‌ಗೆ ಹೇಳಿ, ನಾನೂ ಮುಂದಿನ ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಸೀಟಿನ ತುದಿಯಲ್ಲೇ ಕುಳಿತಿದ್ದೆ. ದವಾಖಾನೆಯಲ್ಲಿ ಆಕೆ ಹೇಳಿದ್ದ ಹತ್ತಿ ಪೇಟೆ ನೆನಪಾಗಿತ್ತು. ಅದು ಬಿಟ್ಟರೆ ರಾಣೆಬೆನ್ನೂರಿನಲ್ಲಿ ಆಕೆಗೆ ಏನಿದೆ?

ಪೇಟೆಯ ಹಿಂದಿನ ಓಣಿಯಲ್ಲಿ ಬೇವಿನ ಮರದ ಕೆಳಗೆ ಕುಳಿತಿದ್ದಳು. ಎದುರಿಗೆ ದೊಡ್ಡ ಗೋದಾಮು, ಕಬ್ಬಿಣದ ಗೇಟು. ಏದುಸಿರು ಬಿಡುತ್ತ ಹೋಗಿ ನಾನೂ ಕುಳಿತೆ. ಆಕೆಗೆ ಆಶ್ಚರ್ಯವಾಗಲಿಲ್ಲ.

"ಆ ಗೇಟ ಐತಲ್ಲ, ಅಲ್ಲೇ ಒಲಿ ಇತ್ತು" ಎಂದಳು. "ತಗಡ ಕಿತ್ತು ಹಾಕಿದ ದಿನ ನನ್ನ ಗಂಡಗ ಹೇಳಿ ಹೋಗಿದ್ದೆ, ಅಂವಾ ಜೀವ ಬಿಟ್ಟ ಜಾಗ ಅಲ್ಲೇನು ಅದು? ಎರಡ ದಿನದಾಗ ಹೊಳ್ಳಿ ಬರತೇನಿ ಅಂತ. ಬ್ಯಾರೆ ಮನಿ ಮಾಡೇನಂದ್ರ ಅಂವಗ ಸುಳ್ಳ ಹೇಳಿದಂಗ ಆತು. ಅದಕ್ಕ ಅಲ್ಲಿ ಕಣ್ಣ ಮುಚ್ಚವಲ್ಲವು."

ಗೇಟಿನ ಹತ್ತಿರ ಕಾವಲಿನವನು ನಮ್ಮಿಬ್ಬರನ್ನು ಅನುಮಾನದಿಂದ ನೋಡುತ್ತಿದ್ದ. ಬೇವಿನ ಹೂವು ಉದುರಿ ಆಕೆಯ ಬೋಳು ತಲೆಯ ಮೇಲೆ, ಈಗಷ್ಟೇ ಮೊಳೆತ ಕೂದಲಲ್ಲಿ ಸಿಕ್ಕಿಕೊಂಡಿದ್ದವು.

"ಹೇಳಿದೇನ ಈಗ?" ಎಂದೆ.

"ಹೇಳಿದೆ. ಬ್ಯಾಡಗ್ಯಾಗ ಖೋಲಿ ಆಗೇತಿ, ಒಂದ್ ಹೆಣ್ಣಮಗಳು ಕೊಡಿಸ್ಯಾಳ ಅಂದೆ." ಆಮೇಲೆ ಮೊದಲ ಸಲ ನನಗೆ 'ನೀ' ಎಂದಳು. "ನೀ ಯಾಕ ಬಂದಿ ಈ ಬಿಸಲಾಗ? ಮುಖ ನೋಡು, ಹೆಂಗ ಬಿಳಚಿಕೊಂಡೈತಿ. ಏಳು. ನಾ ಹೆಂಗೂ ಸಂಜೀ ಗಾಡಿಗೆ ಹೊಳ್ಳಿ ಹೋಗಾಕಿನ."

ಆಕೆ ವಾಪಸು ಬರುವವಳೇ ಇದ್ದಳು. ನಾನೇ ಹುಡುಕಿ ತಂದೆ ಎಂದು ಹಲವರ ಮುಂದೆ ಹೇಳಿಕೊಂಡಿದ್ದೇನೆ. ಇಲ್ಲಿ ಬರೆಯುವಾಗ ಸುಳ್ಳು ಬೇಡ. ಅಂದು ನನ್ನನ್ನು ಮನೆಯವರೆಗೆ ಮುಟ್ಟಿಸಿ, ಅತ್ತೆಯ ಕೈಯಿಂದ ನೀರು ಕುಡಿದು, ಆಕೆ ಒಬ್ಬಳೇ ಬ್ಯಾಡಗಿ ಬಸ್ಸು ಹತ್ತಿ ಹೋದಳು. ಎರಡು ದಿನದ ನಂತರ ಕಾಶವ್ವ ಕಿಟಕಿಗೆ ಬಾಯಿಟ್ಟು ಕೂಗಿದಳು. "ನಿನ್ನೆ ಒಳಗ ಮಲಗ್ಯಾಳ್ರಿ! ಕದ ಬಡದ್ರೂ ಎಚ್ಚರ ಇಲ್ಲ. ಹೊತ್ತ ಏರಿದ ಮ್ಯಾಲ ಎದ್ದಾಳ. ಕೆಲಸಕ್ಕ ತಡಾ ಆತಂತ ನಾ ಬೈದ್ರ ನಗತಾಳ."

ಏಪ್ರಿಲ್ ಕೊನೆಗೆ ಅಡ್ಡಮಳೆ ಹೊಡೆದ ದಿನ ಹಾವೇರಿಯಲ್ಲಿ ನನಗೆ ಹೆಣ್ಣು ಮಗುವಾಯಿತು. ಬಾಣಂತನಕ್ಕೆ ಅಲ್ಲೇ ತವರಿನಲ್ಲಿ ಉಳಿದೆ. ಮಳೆಗಾಲ ಇಡೀ ನಾಲ್ಕು ಗೋಡೆಯ ನಡುವೆ. ಮೈಗೆ ಎಣ್ಣೆ, ಬಿಸಿನೀರು, ಕೂಸಿನ ತಲೆಗೆ ಕುಲಾವಿ, ಹೊಗೆ. ಮಳೆ ಜೋರಾದಾಗಲೆಲ್ಲ ಆ ಖೋಲಿಯ ಹಂಚು ಸೋರುತ್ತಿದೆಯೋ, ಆಕೆ ಮತ್ತೆ ಎದ್ದು ನಿಲ್ದಾಣಕ್ಕೆ ಬಂದುಬಿಟ್ಟಳೋ ಎಂದು ಯೋಚನೆ. ಬ್ಯಾಡಗಿ ಕಡೆಯಿಂದ ಬಂದವರನ್ನೆಲ್ಲ ಕೇಳುತ್ತಿದ್ದೆ. "ಬಸ್‌ಸ್ಟ್ಯಾಂಡಿನ್ಯಾಗ ಕಾಣಲಿಲ್ಲ" ಎನ್ನುತ್ತಿದ್ದರು. ಕಾಣದಿರುವುದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ಎಂದು ತಿಳಿಯದೆ ಮತ್ತಷ್ಟು ಚಡಪಡಿಸುತ್ತಿದ್ದೆ.

ಫಕೀರವ್ವ ಆ ಖೋಲಿಯಲ್ಲಿ ಒಂಬತ್ತು ವರ್ಷ ಬಾಳಿದಳು. ತೀರಿಕೊಂಡಾಗ ಮಣ್ಣು ಮಾಡಲು ತೊಟ್ಟು ಬಿಡಿಸುವ ಹೆಂಗಸರೆಲ್ಲ ಕೆಲಸ ಬಿಟ್ಟು ಬಂದಿದ್ದರು. ನಾನೂ ಹೋಗಿದ್ದೆ. ಆದರೆ ಆಕೆ ಎಂದಾಗ ನನಗೆ ಕಣ್ಣಿಗೆ ಕಟ್ಟುವುದು ಅದಲ್ಲ. ಮಗಳು ಹುಟ್ಟಿದ ವರ್ಷ ದಸರಾ ಕಳೆದು, ಮತ್ತೆ ಟಿಕೆಟ್ ಚೀಲ ಹಾಕಿಕೊಳ್ಳುವ ಮೊದಲು, ಮಗಳನ್ನು ಎತ್ತಿಕೊಂಡು ಬ್ಯಾಡಗಿಗೆ ಹೋದ ದಿನ.

ಕಾಶವ್ವನ ಓಣಿಗೆ ನಳದ ನೀರು ಬಂದಿತ್ತು. ಹತ್ತು ಹನ್ನೆರಡು ಹೆಂಗಸರು, ಇಪ್ಪತ್ತು ಕೊಡ, ಕಿವಿ ಕಿತ್ತು ಹೋಗುವ ಜಗಳ. ನಡುವೆ ಎಲ್ಲಕ್ಕಿಂತ ಮೇಲಿನ ದನಿ ಫಕೀರವ್ವನದು. ಕೂದಲು ಬೆಳೆದು ಸಣ್ಣ ತುರುಬು ಕಟ್ಟಿದ್ದಳು. ಹಸಿರು ಸೀರೆ, ಮೊಳಕೈಯವರೆಗೆ ಮೆಣಸಿನಕಾಯಿಯ ಕೆಂಪು. ಯಾರೋ ಆಕೆಯ ಕೊಡ ಹಿಂದೆ ಸರಿಸಿ ತಮ್ಮದು ಇಟ್ಟಿದ್ದರು.

"ನಂದ ಪಾಳಿ ಐತಿ! ಹೊತ್ತ ಮೂಡೂ ಮುಂದ ಬಂದ ಇಟ್ಟೇನಿ!"

ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ದೂರ ನಿಂತೆ. ಕರೆಯಬೇಕೆನ್ನಿಸಲಿಲ್ಲ. ಅಷ್ಟರಲ್ಲಿ ಆಕೆಯೇ ತಿರುಗಿ ನೋಡಿದಳು. ಒಂದು ಕ್ಷಣ ನನ್ನ ಮುಖ, ಆಮೇಲೆ ಮಗುವಿನ ಮುಖ. ಓಡಿ ಬರುತ್ತಾಳೆ, ಅಳುತ್ತಾಳೆ ಎಂದುಕೊಂಡೆ. ಇಲ್ಲ. ಸೆರಗು ಸೊಂಟಕ್ಕೆ ಇನ್ನೂ ಬಿಗಿಯಾಗಿ ಸಿಕ್ಕಿಸಿಕೊಂಡು ಎದುರಿನವಳ ಕೊಡವನ್ನು ಕಾಲಿನಿಂದ ಪಕ್ಕಕ್ಕೆ ನೂಕಿದಳು.

"ಸರಿ ಅತ್ಲಾಗ. ನಮ್ಮ ಮನಿಗೆ ಬೀಗರು ಬಂದಾರ, ಚಹಾಕ್ಕ ನೀರ ಇಡಬೇಕು."

ಓಣಿಯ ಹೆಂಗಸರೆಲ್ಲ ತಿರುಗಿ ನನ್ನನ್ನು ನೋಡಿದರು, ದಾರಿ ಬಿಟ್ಟರು. ಫಕೀರವ್ವ ನಳದ ಕೆಳಗೆ ಕೊಡ ಹಿಡಿದಳು.